ಅರ್ಧ ಸಿಮೆಂಟ್, ಅರ್ಧ ಕಿಟ್ಟ: ಎರೆ ಭೂಮಿಯಲ್ಲಿ ಕಟ್ಟಿದ ಒಂದು ಮೋರಿಯ ಕಥೆ

ಬಳ್ಳಾರಿ ಜಿಲ್ಲೆಯ ಎರೆ ಸೀಮೆ. ಊರಿಂದ ಹೊಲಗಳ ಕಡೆ ಹೋಗುವ ರಸ್ತೆ, ನಡುವೆ ಒಂದು ಹಳ್ಳ, ಅದರ ಮೇಲೆ ಹಳೇ ಸ್ಲ್ಯಾಬ್ ಮೋರಿ. ಎರಡೂ ಕಡೆ ಸೈಜುಗಲ್ಲಿನ ಗೋಡೆ. ಒಂದು ಗೋಡೆ ಕುಸಿದು ವಾಲಿತ್ತು. ಸ್ಲ್ಯಾಬ್‌ ಕೆಳಗೆ ಬಗ್ಗಿ ನೋಡಿದರೆ ಕಾಂಕ್ರೀಟ್ ಹಪ್ಪಳೆ ಹಪ್ಪಳೆಯಾಗಿ ಉದುರಿ, ಕಂಬಿ ತುಕ್ಕು ಹಿಡಿದು ಪದರ ಬಿಟ್ಟಿತ್ತು. ಮೆಣಸಿನಕಾಯಿ ಹೇರಿದ ಟ್ರ್ಯಾಕ್ಟರ್ ಅದರ ಮೇಲೆ ಹೋಗೋದನ್ನ ನೋಡಿದರೆ ಎದೆ ಝಲ್ ಅನ್ನುತ್ತಿತ್ತು. ಅದನ್ನು ಕೆಡವಿ ಬಾಕ್ಸ್ ಕಲ್ವರ್ಟ್, ಅಂದರೆ ಕಾಂಕ್ರೀಟ್ ಪೆಟ್ಟಿಗೆಯಂಥ ಮೋರಿ, ಕಟ್ಟುವ ಕೆಲಸ ನಮಗೆ ಬಂತು.

ಕೆಡವುವಾಗ ಹಳೇ ಸ್ಲ್ಯಾಬ್ ಯಾಕೆ ಸತ್ತಿತು ಅಂತ ಸರಿಯಾಗಿ ನೋಡಿದೆ. ಕಂಬಿಯ ಕೆಳಗೆ ಅದನ್ನು ಮುಚ್ಚುವ ಕಾಂಕ್ರೀಟ್ ಪದರ, ಅಂದರೆ ಕವರ್, ಕಿರುಬೆರಳಿನ ದಪ್ಪ ಕೂಡ ಇರಲಿಲ್ಲ. ಕಾಂಕ್ರೀಟನ್ನು ಅಲುಗಿಸಿ ಒತ್ತಾಗಿಸುವ ವೈಬ್ರೇಟರ್ ಆಡದೆ ಅಲ್ಲಲ್ಲಿ ಬರೀ ಜಲ್ಲಿ ಕಾಣುವ ಗೂಡುಗಳು. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಕಾಂಕ್ರೀಟಿನ ಕ್ಷಾರ ಗುಣ ಕಳೆದರೆ ಕಂಬಿಗೆ ಇದ್ದ ರಕ್ಷಣೆ ಹೋಗುತ್ತದೆ. ಆಮೇಲೆ ತುಕ್ಕು ಉಬ್ಬುತ್ತದೆ, ಕಾಂಕ್ರೀಟ್ ಒಡೆಯುತ್ತದೆ. ಸಿಮೆಂಟ್ ಕಡಿಮೆ ಆಗಿದ್ದಕ್ಕೆ ಹೀಗಾಯಿತು ಅಂತ ಊರವರು ಹೇಳಿದರು. ಒಡೆದ ತುಂಡು ನೋಡಿದರೆ ಹಾಗೆ ಅನ್ನಿಸಲಿಲ್ಲ. ಗೂಡಿಲ್ಲದ ಕಡೆ ಸುತ್ತಿಗೆಯ ಏಟಿಗೆ ಟಣ್ ಅನ್ನುತ್ತಿತ್ತು. ಸಿಮೆಂಟ್ ಇತ್ತು, ನಿಗಾ ಇರಲಿಲ್ಲ.

ಪರಿಸರದ ಲೆಕ್ಕದಲ್ಲಿ ನನಗೆ ಇದೇ ಮೊದಲನೇ ಮಾತು. ಅರ್ಧ ಆಯಸ್ಸಿಗೆ ಕೆಡವಿ ಮತ್ತೆ ಕಟ್ಟಿದರೆ ಸಿಮೆಂಟು, ಕಂಬಿ, ಜಲ್ಲಿ, ಡೀಸೆಲ್ ಎಲ್ಲಾ ಎರಡು ಸಲ. ಹಾಗಾಗಿ ಸಿಮೆಂಟ್ ಕಮ್ಮಿ ಮಾಡುವ ಮುಂಚೆ, ಕಟ್ಟಿದ್ದು ಬಾಳಬೇಕು ಅಂತ ತೀರ್ಮಾನಿಸಿದೆ. ಎಲ್ಲಾ ಕಡೆ 50 ಮಿ.ಮೀ. ಕವರ್. ಕಂಬಿಗೆ ಆ ಅಂತರ ಕೊಡುವ ಕವರ್ ಬ್ಲಾಕ್‌ಗಳನ್ನೂ ಅದೇ ಮಿಶ್ರಣದ ಗಾರೆಯಲ್ಲಿ ಮೊದಲೇ ಎರಕ ಹೊಯ್ದು ನೀರಿನಲ್ಲಿ ನೆನೆಸಿಟ್ಟೆವು. ಕಂಬಿ ಕೆಳಗೆ ಜಲ್ಲಿ ಚೂರು ಇಡೋದು ಸೈಟಿನಲ್ಲಿ ಪೂರ್ತಿ ನಿಷೇಧ.

ಇನ್ನು ಸಿಮೆಂಟಿನ ಮಾತು. ಸುಣ್ಣದ ಕಲ್ಲನ್ನೂ ಮಣ್ಣನ್ನೂ ಸುಮಾರು 1450 ಡಿಗ್ರಿಯಲ್ಲಿ ಸುಟ್ಟರೆ ಕ್ಲಿಂಕರ್. ಅದನ್ನು ಜಿಪ್ಸಂ ಜೊತೆ ಅರೆದರೆ ಸಿಮೆಂಟ್. ಒಂದು ಟನ್ ಕ್ಲಿಂಕರ್‌ಗೆ ಅಂದಾಜು 800ರಿಂದ 900 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೋದು ಕಲ್ಲಿದ್ದಲಿನ ಹೊಗೆಯಿಂದಲ್ಲ, ಸುಣ್ಣದ ಕಲ್ಲಿನ ಒಳಗಿಂದಲೇ. ಒಲೆಗೆ ಸೋಲಾರ್ ಕರೆಂಟ್ ಕೊಟ್ಟರೂ ಆ ಪಾಲು ನಿಲ್ಲುವುದಿಲ್ಲ. ಪ್ರಪಂಚದ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7-8ರಷ್ಟು ಸಿಮೆಂಟಿನದ್ದೇ. ನಮ್ಮಂಥವರ ಕೈಯಲ್ಲಿರುವ ದಾರಿ ಒಂದೇ: ಕ್ಲಿಂಕರ್ ಬಳಕೆ ಇಳಿಸೋದು.

ನಮಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಹತ್ತಿರ. ಊದು ಕುಲುಮೆಯಲ್ಲಿ ಕಬ್ಬಿಣ ಕರಗುವಾಗ ಮೇಲೆ ತೇಲುವ ಕಿಟ್ಟವನ್ನು ನೀರು ಹೊಡೆದು ಥಟ್ಟನೆ ತಣ್ಣಗೆ ಮಾಡುತ್ತಾರೆ. ಆಗ ಅದು ಗಾಜಿನಂಥ ಹರಳು ಮರಳಾಗುತ್ತದೆ. ನಿಧಾನಕ್ಕೆ ಆರಲು ಬಿಟ್ಟರೆ ಬರೀ ಕಲ್ಲಾಗುತ್ತದೆ, ಸಿಮೆಂಟಿನ ಬದಲಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಆ ಹರಳು ಮರಳನ್ನು ನುಣ್ಣಗೆ ಅರೆದರೆ ಜಿಜಿಬಿಎಸ್. ಸೈಟಿನಲ್ಲಿ ನಾವೆಲ್ಲ ಸ್ಲ್ಯಾಗ್ ಪುಡಿ ಅನ್ನುತ್ತೇವೆ. ಬಣ್ಣ ಬಿಳಿ, ಸ್ವಲ್ಪ ಕೆನೆ ಛಾಯೆ. ಅದೊಂದನ್ನೇ ನೀರಿಗೆ ಕಲಸಿಟ್ಟರೆ ಗಟ್ಟಿಯಾಗಲು ಒದ್ದಾಡುತ್ತದೆ. ಸಿಮೆಂಟ್ ನೀರು ಕುಡಿದಾಗ ಹುಟ್ಟುವ ಸುಣ್ಣ ಅದಕ್ಕೆ ಬೇಕು, ಹಾಲಿಗೆ ಹೆಪ್ಪು ಬೇಕಾದ ಹಾಗೆ.

ಇದು ನಮ್ಮ ನಾಡಿಗೆ ಹೊಸ ವಿದ್ಯೆಯೇನಲ್ಲ. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ಸುಟ್ಟ ಇಟ್ಟಿಗೆಯ ಪುಡಿ, ಸುಣ್ಣ, ಮರಳು. ಸುಟ್ಟ ಮಣ್ಣಿನ ಸಿಲಿಕಾ ಸುಣ್ಣದ ಜೊತೆ ಸೇರಿ ಗಟ್ಟಿಯಾಗುವ ಅದೇ ರಸಾಯನ. ನಿಧಾನ, ಆದರೆ ಗಟ್ಟಿ.

ಎಸ್ಟಿಮೇಟಿನಲ್ಲಿ ಇದ್ದದ್ದು ಎಂ30 ಕಾಂಕ್ರೀಟ್, ಅಂದರೆ 28 ದಿನಕ್ಕೆ 30 ಮೆಗಾಪಾಸ್ಕಲ್ ಒತ್ತಡ ತಡೆಯುವಂಥದ್ದು. ಒಳಗೆ 3 ಮೀಟರ್ ಅಗಲ, 3 ಮೀಟರ್ ಎತ್ತರ, ಗೋಡೆ-ತಳ-ಮಾಳಿಗೆ ಎಲ್ಲಾ 300 ಮಿ.ಮೀ., ಉದ್ದ 7.5 ಮೀಟರ್. ಬಾಕ್ಸ್‌ಗೆ ಸುಮಾರು 30 ಘನ ಮೀಟರ್ ಕಾಂಕ್ರೀಟ್. ಸ್ಲ್ಯಾಗ್ ಹಾಕಲು ಒಪ್ಪಿಗೆ ಕೇಳಿದಾಗ ಕೆಲಸದ ಉಸ್ತುವಾರಿ ಇಂಜಿನಿಯರ್ ಸಾಹೇಬರು ಕೋಡ್, ಅಂದರೆ ಭಾರತೀಯ ಮಾನಕದ (ಐಎಸ್) ನಿಯಮ, ತೋರಿಸಿ ಅಂದರು. ನ್ಯಾಯವಾದ ಮಾತು. ಕಾಂಕ್ರೀಟಿನ ಐಎಸ್ 456 ಒಪಿಸಿಯ (ಬೂದಿ, ಸ್ಲ್ಯಾಗ್ ಬೆರೆಸದ ಮಾಮೂಲಿ ಸಿಮೆಂಟ್) ಒಂದು ಪಾಲಿನ ಬದಲು ಸ್ಲ್ಯಾಗ್ ಹಾಕಲು ಒಪ್ಪುತ್ತದೆ, ಕನಿಷ್ಠ ಸಿಮೆಂಟಿನ ಲೆಕ್ಕಕ್ಕೂ ಅದನ್ನು ಸೇರಿಸಿಕೊಳ್ಳುತ್ತದೆ. ಪುಡಿಯ ಗುಣಮಟ್ಟಕ್ಕೆ ಐಎಸ್ 16714 ಇದೆ. ಕಾರ್ಖಾನೆಯಲ್ಲೇ ಬೆರೆಸಿದ ಸ್ಲ್ಯಾಗ್ ಸಿಮೆಂಟಿಗೆ ಐಎಸ್ 455 ಶೇ 70ರವರೆಗೂ ಬಿಡುತ್ತದೆ. ನಾನು ಕೇಳಿದ್ದು ಶೇ 50. ಟ್ರಯಲ್ ಮಿಕ್ಸ್ ಮಾಡಿ, ಅದರಲ್ಲಿ ಎರಕ ಹೊಯ್ದ ಕ್ಯೂಬ್ ಒಡೆದು ಗಟ್ಟಿತನ ತೋರಿಸುವ ಷರತ್ತಿನ ಮೇಲೆ ಒಪ್ಪಿದರು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಸೈಟಿನಲ್ಲಿ ಸ್ಲ್ಯಾಗ್ ಬೆರೆಸುವುದಾದರೆ ಒಪಿಸಿ ಚೀಲವನ್ನೇ ತರಿಸಿ. ಪಿಪಿಸಿ ಅನ್ನುವ ಬೆರಕೆ ಸಿಮೆಂಟಿನ ಚೀಲದಲ್ಲಿ ಆಗಲೇ ಶೇ 15ರಿಂದ 35ರವರೆಗೆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ ಇರುತ್ತದೆ. ಎಷ್ಟು ಅಂತ ಚೀಲದ ಮೇಲೆ ಅಚ್ಚು ಹಾಕಿರುತ್ತಾರೆ, ಓದಿ. ಅದಕ್ಕೆ ಮತ್ತೆ ಅರ್ಧ ಸ್ಲ್ಯಾಗ್ ಸುರಿದರೆ ಕ್ಲಿಂಕರ್ ಎಲ್ಲಿಗೆ ಇಳಿಯಿತು ಅನ್ನುವ ಲೆಕ್ಕವೇ ತಪ್ಪುತ್ತದೆ.

ಕೊನೆಗೆ ನಿಂತ ಮಿಶ್ರಣ, ಒಂದು ಘನ ಮೀಟರಿಗೆ: ಒಪಿಸಿ 175 ಕೆಜಿ, ಸ್ಲ್ಯಾಗ್ 175 ಕೆಜಿ, ನೀರು 150 ಲೀಟರ್, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) 790 ಕೆಜಿ, ಎರಡು ಸೈಜಿನ ಜಲ್ಲಿ ಸೇರಿ 1130 ಕೆಜಿ, ಜೊತೆಗೆ ನೀರು ಕಮ್ಮಿ ಇದ್ದರೂ ಕಾಂಕ್ರೀಟ್ ಹರಿಯುವಂತೆ ಮಾಡುವ ಪಿಸಿಇ ಜಾತಿಯ ಅಡ್ಮಿಕ್ಸ್ಚರ್ ಸುಮಾರು 2.5 ಕೆಜಿ. ಸ್ಲ್ಯಾಗನ್ನೂ ಸಿಮೆಂಟ್ ಅಂತ ಹಿಡಿದರೆ ನೀರು-ಸಿಮೆಂಟಿನ ಅನುಪಾತ 0.43. ನಮ್ಮ ಸೆಲ್ಫ್ ಲೋಡಿಂಗ್ ಮಿಕ್ಸರ್‌ಗೆ ಒಂದು ಸಲಕ್ಕೆ 2 ಘನ ಮೀಟರ್. ಅಂದರೆ 7 ಚೀಲ ಸಿಮೆಂಟ್, 7 ಚೀಲ ಸ್ಲ್ಯಾಗ್. ಬೇಕಂತಲೇ ಹೀಗೆ ಇಟ್ಟೆ. ಚೀಲ ಅರ್ಧ ಮಾಡುವ ಕೆಲಸ ಬಂದರೆ ಲೆಕ್ಕ ಕೆಡುತ್ತದೆ.

ಈ ಮಿಶ್ರಣದ ಜೀವ ಇರೋದು ಆ 150 ಲೀಟರಿನಲ್ಲಿ. ನೀರು ಕಮ್ಮಿ ಮಾಡಿದರೆ ತಾನೇ ಸಿಮೆಂಟ್ ಕಮ್ಮಿ ಮಾಡೋಕಾಗೋದು? ನೀರು ಜಾಸ್ತಿಯಾಗಲು ದೊಡ್ಡ ಕಾರಣ ಎಂ-ಸ್ಯಾಂಡ್. ಮೊದಲು ಬಂದ ಲೋಡು ಎಂ-ಸ್ಯಾಂಡ್ ಅಂತ ಚೀಟಿ ಹೊತ್ತ ಕ್ರಷರ್ ಡಸ್ಟ್. ಗಾಜಿನ ಜಾಡಿಯಲ್ಲಿ ನೀರು ಹಾಕಿ ಕುಲುಕಿ ಇಟ್ಟೆ. ಮರಳು ತಳಕ್ಕೆ ಕೂತ ಮೇಲೆ ಅದರ ಮೇಲೆ ಎರಡು ಬೆರಳು ದಪ್ಪ ಬೂದು ಕೆಸರು. ಐಎಸ್ 383 ಪ್ರಕಾರ ಕ್ರಷರ್ ಮರಳಿನಲ್ಲಿ 75 ಮೈಕ್ರಾನಿಗಿಂತ ಸಣ್ಣದು ಶೇ 15 ದಾಟಬಾರದು. ಆ ದೂಳು ನೀರನ್ನು ಹೀರುತ್ತದೆ, ಸ್ಲಂಪ್, ಅಂದರೆ ಹಸಿ ಕಾಂಕ್ರೀಟಿನ ಸಡಿಲತನದ ಅಳತೆ, ಬೀಳುತ್ತದೆ, ಆಪರೇಟರ್ ನೀರಿನ ಪೈಪ್ ತಿರುಗಿಸುತ್ತಾನೆ. ಲೋಡ್ ವಾಪಸ್ ಕಳಿಸಿ ತೊಳೆದ ಎಂ-ಸ್ಯಾಂಡ್ ತರಿಸಿದೆ.

ತೊಳೆದ ಮರಳು ಹಸಿ ಇರುತ್ತದೆ. ಅದಕ್ಕೊಂದು ಬಾಣಲೆ ಪರೀಕ್ಷೆ. ಕಾಂಕ್ರೀಟ್ ಹಾಕುವ ದಿನ ರಾಶಿಯ ನಡುವಿನಿಂದ ಒಂದು ಕೆಜಿ ಮರಳು ತೂಗಿ, ಗ್ಯಾಸ್ ಒಲೆ ಮೇಲೆ ಬಾಣಲೆಯಲ್ಲಿ ಹುರಿದು ಮತ್ತೆ ತೂಗೋದು. ಹುರಿಯುವಾಗ ಮರಳು ಮೊದಲು ಮುದ್ದೆಮುದ್ದೆ, ಆಮೇಲೆ ಉದುರುದುರು, ಕೊನೆಗೆ ಬಣ್ಣ ತಿಳಿಯಾಗುತ್ತದೆ. ಮರಳು ತಾನು ಹೀರಿಕೊಂಡಿದ್ದನ್ನು ಬಿಟ್ಟು ಮೇಲೆ ಇನ್ನೂ ಶೇ 4ರಷ್ಟು ತೇವ ಇದ್ದರೆ, 790 ಕೆಜಿ ಮರಳಿನಲ್ಲಿ 30 ಲೀಟರಿಗೂ ಹೆಚ್ಚು ನೀರು ಆಗಲೇ ಬಂದು ಕೂತಿದೆ. ಅದನ್ನು 150ರಲ್ಲಿ ಕಳೆಯದಿದ್ದರೆ ಅನುಪಾತ 0.43 ಹೋಗಿ 0.5 ದಾಟುತ್ತದೆ. ಮಿಕ್ಸ್ ಡಿಸೈನ್ ಕಾಗದದಲ್ಲೇ ಉಳಿಯುತ್ತದೆ. ಎಷ್ಟೋ ಸೈಟಿನಲ್ಲಿ ಈ ಒಂದು ಕೆಲಸ ಬಿಟ್ಟು, ಸ್ಟ್ರೆಂತ್ ಬರಲಿಲ್ಲ ಅಂತ ಒಂದು ಚೀಲ ಜಾಸ್ತಿ ಹಾಕುತ್ತಾರೆ. ಬಾಣಲೆಗೆ ಖರ್ಚೇ ಇಲ್ಲ ಅಲ್ವಾ?

ತಳಪಾಯ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದನ್ನು ತೆಗೆದು ಗರಸು ಹಾಕಿ, ಪದರ ಪದರವಾಗಿ ನೀರು ಹೊಡೆದು ರೋಲರ್ ಆಡಿಸಿದೆವು. ಅದರ ಮೇಲೆ ಎಂ10 ಪಿಸಿಸಿ (ಕಂಬಿ ಇಲ್ಲದ ಕಾಂಕ್ರೀಟ್) ಹಾಸು. ಇಲ್ಲಿ ಹಳೇ ಸ್ಲ್ಯಾಬ್ ಕೆಲಸಕ್ಕೆ ಬಂತು. ಬ್ರೇಕರ್‌ನಲ್ಲಿ ಒಡೆದು, ಕಂಬಿ ಬೇರೆ ಮಾಡಿ ಗುಜರಿಗೆ ಕೊಟ್ಟು, ಕಾಂಕ್ರೀಟ್ ತುಂಡುಗಳನ್ನು ಹತ್ತಿರದ ಕ್ರಷರ್‌ನಲ್ಲಿ ಜಲ್ಲಿ ಮಾಡಿಸಿದೆ. ಎಂ15ಕ್ಕಿಂತ ಕೆಳಗಿನ ಕಾಂಕ್ರೀಟಿಗೆ ಇಂಥ ಜಲ್ಲಿಯನ್ನು ಪೂರ್ತಿ ನೂರಕ್ಕೆ ನೂರು ಬಳಸಲು ಐಎಸ್ 383ರ 2016ರ ಆವೃತ್ತಿ ಬಿಡುತ್ತದೆ. ಎಂ30 ಆರ್‌ಸಿಸಿಗೆ ಬಿಡುವುದಿಲ್ಲ. ಹಳೇ ಜಲ್ಲಿಗೆ ಹಳೇ ಗಾರೆ ಅಂಟಿಕೊಂಡಿರುತ್ತದೆ, ಅದು ನೀರು ಕುಡಿಯುವುದು ಜಾಸ್ತಿ. ಹಿಂದಿನ ರಾತ್ರಿಯೇ ರಾಶಿಗೆ ನೀರು ಬಿಟ್ಟು ನೆನೆಸಿ, ಬೆಳಿಗ್ಗೆ ಮೇಲಿನ ನೀರು ಬಸಿದ ಮೇಲೆ ಬಳಸಿದೆವು. ಒಳ್ಳೆ ಸೈಜುಗಲ್ಲುಗಳನ್ನು ನೀರು ಕೊರೆಯದ ಹಾಗೆ ಕಲ್ಲು ಹಾಸುವ ಪಿಚಿಂಗ್‌ಗೆ ಅಂತ ಪಕ್ಕಕ್ಕೆ ಜೋಡಿಸಿಟ್ಟೆವು.

ಸ್ಲ್ಯಾಗ್ ಚೀಲದ ಲೋಡ್ ಇಳಿದ ದಿನವೇ ಊರಲ್ಲಿ ಸುದ್ದಿ ಹಬ್ಬಿತು. ಚೀಲ ಹರಿದು ಬಿಳಿ ಪುಡಿ ಚೆಲ್ಲಿತ್ತು. ಹಿರಿಯರೊಬ್ಬರು ಬಂದು ನೇರವಾಗಿ ಕೇಳಿದರು: "ಏನ್ರೀ ಸಾರ್, ಸಿಮೆಂಟಿನಾಗ ಸುಣ್ಣ ಬೆರಸಾಕತ್ತೀರೇನು?"

ಅವರಿಗೆ ಸಿಟ್ಟು ಬಂದಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಕಂಟ್ರಾಕ್ಟರ್ ನಿಯತ್ತನ್ನು ಅಳೆಯೋದೇ ಸಿಮೆಂಟ್ ಚೀಲದ ಎಣಿಕೆಯಲ್ಲಿ. ಸಿಮೆಂಟ್ ಕಮ್ಮಿ ಅಂದರೆ ಕಳ್ಳತನ. ಸರ್ಕಾರಿ ಕೆಲಸದಲ್ಲಿ ಜನ ಕಂಡು ಉಂಡಿದ್ದೂ ಅದನ್ನೇ. ಪರಿಸರ, ಇಂಗಾಲ ಅಂತ ಭಾಷಣ ಮಾಡಿದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅವರ ಎದುರಿಗೇ ಮೂರು ಟಿಫಿನ್ ಮುಚ್ಚಳ ತಗೊಂಡೆ. ಒಂದರಲ್ಲಿ ಬರೀ ಸಿಮೆಂಟ್, ಒಂದರಲ್ಲಿ ಬರೀ ಸ್ಲ್ಯಾಗ್, ಒಂದರಲ್ಲಿ ಎರಡೂ ಸಮ. ಮೂರಕ್ಕೂ ತೂಗಿ ಒಂದೇ ಅಳತೆ ನೀರು ಹಾಕಿ ಕಲಸಿದೆ. ಮೇಲೆ ಒದ್ದೆ ಬಟ್ಟೆ ಮುಚ್ಚಿ ಚಹಾ ಅಂಗಡಿಯಲ್ಲಿ ಇಟ್ಟು, ನೀವೇ ನೋಡ್ತಾ ಇರಿ ಯಜಮಾನ್ರೆ, ನಾನು ಮುಟ್ಟಲ್ಲ ಅಂದೆ.

ಮಾರನೇ ದಿನ ಸಿಮೆಂಟ್ ಬಿಲ್ಲೆ ಕಲ್ಲು. ಅರ್ಧರ್ಧದ ಬಿಲ್ಲೆ ಮೇಲೆ ಮೊಳೆ ಎಳೆದರೆ ಗೆರೆ ಬೀಳುತ್ತಿತ್ತು. ಸ್ಲ್ಯಾಗ್ ಒಂದೇ ಇದ್ದದ್ದು ಬೆರಳಿಗೆ ಪುಡಿಯಾಯಿತು. ಯಜಮಾನರು ತಲೆ ಅಲ್ಲಾಡಿಸಿ ಹೋದರು. ವಾರ ಕಳೆಯುವ ಹೊತ್ತಿಗೆ ಅರ್ಧರ್ಧದ ಬಿಲ್ಲೆಯ ಮೇಲೂ ಮೊಳೆ ಜಾರತೊಡಗಿತು. ಅವರು ಅದನ್ನು ಕಟ್ಟೆಗೆ ಬಡಿದು ನೋಡಿ, ಇನ್ನೊಂದು ಸಲ ಬಡಿದು ನೋಡಿ, ನನ್ನ ಕೈಗೆ ಕೊಟ್ಟರು. ಆಮೇಲೆ ಸೈಟಿಗೆ ಬಂದಾಗಲೆಲ್ಲ ಏಳು-ಏಳು ಚೀಲ ಬೀಳುತ್ತಾ ಇದೆಯಾ ಅಂತ ಅವರೇ ಎಣಿಸಿದರು. ಅಂಥ ಕಣ್ಣು ಎಲ್ಲಾ ಸೈಟಿಗೂ ಬೇಕು.

ಮೊದಲು ತಳದ ಸ್ಲ್ಯಾಬ್, ಅದರ ಜೊತೆಗೇ ಗೋಡೆಯ ಬುಡ ಒಂದಿಷ್ಟು ಎತ್ತರ. ಆಮೇಲೆ ಗೋಡೆ ಮತ್ತು ಮಾಳಿಗೆ. ಬೇಸಿಗೆ ಆದ್ದರಿಂದ ಬಿಸಿಲು ಇಳಿದ ಮೇಲೆ ಶುರು ಮಾಡಿ ರಾತ್ರಿ ಲೈಟ್ ಹಾಕಿ ಮುಗಿಸುತ್ತಿದ್ದೆವು. ಜಲ್ಲಿ ರಾಶಿಗೆ ಮಧ್ಯಾಹ್ನದಿಂದಲೇ ನೆರಳು. ಸ್ಲಂಪ್ 100ರಿಂದ 120 ಮಿ.ಮೀ. ಇಟ್ಟುಕೊಂಡೆವು. ಪಿಸಿಇ ಹಾಕಿದ ಕಾಂಕ್ರೀಟ್ ನೋಡಲು ಅಂಟಂಟು, ದಪ್ಪ ಅನ್ನಿಸುತ್ತದೆ. ಸಲಿಕೆಗೆ ಭಾರ. ವೈಬ್ರೇಟರ್ ಇಳಿಸಿದ ಕೂಡಲೇ ಹರಿಯುತ್ತದೆ. ಗೌಂಡಿಗಳಿಗೆ ಇದು ಒಗ್ಗಲು ಸ್ವಲ್ಪ ಹೊತ್ತು ಬೇಕಾಯಿತು. "ಸಾರ್, ಸ್ವಲ್ಪ ನೀರ್ ಬಿಡ್ಲಾ?" ಅನ್ನೋ ಮಾತು ರಾತ್ರಿಯಿಡೀ. ನೀರಿನ ಮೀಟರ್ ಹತ್ತಿರ ನಾನೇ ನಿಂತೆ. ಸ್ಲಂಪ್ ಬಿದ್ದಾಗ ಅಡ್ಮಿಕ್ಸ್ಚರ್ ಅಳತೆಯಲ್ಲಿ ಒಂದಿಷ್ಟು ಸೇರಿಸಿ ಡ್ರಮ್ ತಿರುಗಿಸಿದೆವು, ನೀರು ಮುಟ್ಟಲಿಲ್ಲ.

ಸ್ಲ್ಯಾಗ್ ಕಾಂಕ್ರೀಟ್ ಬಿಗಿಯಲು ತಡ. ಮಾಳಿಗೆಯ ಮೇಲ್ಮೈ ಕೊನೇ ಸಲ ತಟ್ಟಿ ನಯ ಮಾಡಲು ಕಾಯಬೇಕು. ಆ ಹೊತ್ತಿನಲ್ಲಿ ಬಿಸಿಗಾಳಿ ಬೀಸಿದರೆ ಮೇಲೆ ಕೂದಲೆಳೆ ಬಿರುಕು ಗ್ಯಾರಂಟಿ. ಹಾಗಾಗಿ ಒಂದು ತುದಿ ಮಟ್ಟ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಎಳೆದು, ನಯ ಮಾಡುವಾಗ ಮಾತ್ರ ಸುರುಳಿ ಬಿಚ್ಚಿದ್ದು.

ಗೋಡೆಯ ಸೆಂಟ್ರಿಂಗ್ ಪ್ಲೇಟ್ ಬಿಚ್ಚಿದಾಗ ಎಲ್ಲರೂ ಸುಮ್ಮನಾದರು. ಗೋಡೆ ನೀಲಿ-ಹಸಿರು! ಪಾಚಿ ಕಟ್ಟಿದ ಕೆರೆ ಮೆಟ್ಟಿಲಿನ ಬಣ್ಣ. ಇದು ದೋಷವಲ್ಲ. ಸ್ಲ್ಯಾಗ್‌ನಲ್ಲಿರುವ ಸಲ್ಫೈಡ್‌ನಿಂದ ಈ ಬಣ್ಣ ಬರುತ್ತದೆ, ಗಾಳಿ ತಾಗುತ್ತಾ ಹೋದ ಹಾಗೆ ಮಾಸುತ್ತದೆ. ಮೊದಲೇ ಹೇಳಿಟ್ಟಿದ್ದರಿಂದ ಗಾಬರಿ ಕಮ್ಮಿ ಆಯಿತು. ಬೇರೆ ಯಾರಾದರೂ ಸ್ಲ್ಯಾಗ್ ಬಳಸುವವರಿದ್ದರೆ ಈ ಬಣ್ಣದ ವಿಷಯ ಸೆಂಟ್ರಿಂಗ್‌ನವರಿಗೂ ಇಂಜಿನಿಯರಿಗೂ ಮುಂಚೆಯೇ ತಿಳಿಸಿಬಿಡಿ.

ಇನ್ನು ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಒಣಗದಂತೆ ನೀರುಣಿಸೋದು. ಇಡೀ ಕೆಲಸ ನಿಂತಿರೋದು ಇದರ ಮೇಲೆ. ಐಎಸ್ 456 ಒಪಿಸಿಗೆ ಕನಿಷ್ಠ 7 ದಿನ, ಸ್ಲ್ಯಾಗ್ ಅಥವಾ ಬೂದಿ ಬೆರೆತಿದ್ದರೆ 10 ದಿನ ಅನ್ನುತ್ತದೆ, 14ಕ್ಕೆ ಏರಿಸಿದರೆ ಒಳ್ಳೆಯದು ಅಂತಲೂ ಹೇಳುತ್ತದೆ. ನಾವು 14 ಹಿಡಿದೆವು. ನಿಧಾನಕ್ಕೆ ಗಟ್ಟಿಯಾಗುವ ಕಾಂಕ್ರೀಟು ಮಧ್ಯದಲ್ಲಿ ಒಣಗಿದರೆ ಅಲ್ಲಿಗೆ ನಿಂತುಬಿಡುತ್ತದೆ. ಹೊರಗಿನ ಕವರ್ ಮೊದಲು ಒಣಗುತ್ತದೆ, ಕಂಬಿ ಕಾಯಬೇಕಾದದ್ದೂ ಅದೇ ಕವರ್. ಅರ್ಧ ಸ್ಲ್ಯಾಗ್ ಹಾಕಿ ಕ್ಯೂರಿಂಗ್ ಮಾಡದೆ ಬಿಡೋದಾದರೆ ಪೂರ್ತಿ ಒಪಿಸಿ ಹಾಕೋದೇ ವಾಸಿ, ಇದು ನನ್ನ ಗಟ್ಟಿ ಅಭಿಪ್ರಾಯ.

ನೀರಿಗೂ ತಾಪತ್ರಯ. ಕಾಲುವೆ ಬಂದ್ ಆಗಿತ್ತು. ಪಕ್ಕದ ಹೊಲದ ಬೋರ್‌ವೆಲ್ ನೀರು ಸವಳು, ಬಾಯಿಗೆ ಹಾಕಿದರೇ ಗೊತ್ತಾಗುತ್ತದೆ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ದಾಟಬಾರದು. ಕೆರೆ ನೀರನ್ನು ಟೆಸ್ಟ್ ಮಾಡಿಸಿ ಟ್ಯಾಂಕರ್‌ನಲ್ಲಿ ತಂದೆವು. ಮಾಳಿಗೆ ಮೇಲೆ ಮಣ್ಣಿನ ಮಡಿ ಕಟ್ಟಿ ನೀರು ನಿಲ್ಲಿಸಿದ್ದು. ಗೋಡೆಗೆ ಎರಡು ಪದರ ಗೋಣಿ, ಮೇಲೆ ಪ್ಲಾಸ್ಟಿಕ್. ಪ್ಲಾಸ್ಟಿಕ್ ಇದ್ದಿದ್ದಕ್ಕೆ ಟ್ಯಾಂಕರ್ ಕಮ್ಮಿ ಸಾಕಾಯಿತು. ಇದನ್ನು ನೋಡಿಕೊಂಡವರು ಊರಿನ ಒಬ್ಬ ಅಕ್ಕ. ಗೋಣಿ ಒಳಗೆ ಕೈ ತೂರಿಸಿ, ಅಂಗೈ ಗೋಡೆಗೆ ಒತ್ತಿ, ತಂಪಾಗಿದೆಯಾ ಅಂತ ನೋಡುತ್ತಿದ್ದರು. ಮೂಲೆಗಳಲ್ಲಿ ಗೋಣಿ ಗೋಡೆ ಬಿಟ್ಟು ನಿಲ್ಲುತ್ತದೆ, ಅಲ್ಲೇ ಮೊದಲು ಒಣಗೋದು ಅಂತ ಕಂಡುಹಿಡಿದು ಸೆಣಬಿನ ಹಗ್ಗ ಬಿಗಿದವರೂ ಅವರೇ. ಅವರ ಕೂಲಿಯನ್ನು ಕಾಂಕ್ರೀಟ್ ಗ್ಯಾಂಗಿನ ಕೂಲಿಗೆ ಸಮ ಮಾಡಿದೆ. ಆ ಕೆಲಸದ ಬೆಲೆ ಅಷ್ಟಿದೆ.

ಮಾಳಿಗೆಯ ಕೆಳಗಿನ ಜಾಕಿಗಳನ್ನೂ 14 ದಿನ ಬಿಚ್ಚಲಿಲ್ಲ. 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಕೋಡ್ 7 ದಿನ ಸಾಕು ಅನ್ನುತ್ತದೆ, ಆದರೆ ಅದು ಒಪಿಸಿಗೆ. ನಮ್ಮ ಕ್ಯೂಬ್ 7 ದಿನಕ್ಕೆ 23 ಮೆಗಾಪಾಸ್ಕಲ್ ಆಸುಪಾಸು. 28 ದಿನಕ್ಕೆ 41, ಬೇಕಾಗಿದ್ದ ಗುರಿ 38.25. 56 ದಿನಕ್ಕೆ 47. ಸೆಂಟ್ರಿಂಗ್ ಬಾಡಿಗೆ ಒಂದು ವಾರ ಜಾಸ್ತಿ ಬಿತ್ತು. ಸ್ಲ್ಯಾಗ್ ಪುಡಿ ಸಿಮೆಂಟಿಗಿಂತ ಅಗ್ಗ ಆದರೂ ಉಳಿದ ದುಡ್ಡಿನ ಒಂದು ಪಾಲು ಬಾಡಿಗೆಗೇ ಹೋಯಿತು. ಇದನ್ನು ಲೆಕ್ಕಕ್ಕೆ ಹಿಡಿಯದೆ ಲಾಭ ಅಂತ ಹೇಳಬಾರದು.

ಇಂಗಾಲದ ಲೆಕ್ಕ: ಅದೇ 350 ಕೆಜಿ ಪೂರ್ತಿ ಒಪಿಸಿ ಹಾಕಿದ್ದರೆ 30 ಘನ ಮೀಟರಿಗೆ 105 ಚೀಲ ಜಾಸ್ತಿ ಹೋಗುತ್ತಿತ್ತು. ಅಂದರೆ 5 ಟನ್‌ಗೂ ಮೇಲೆ ಸಿಮೆಂಟ್. ಸ್ಲ್ಯಾಗ್ ಅರೆಯುವ ಕರೆಂಟಿನ ಪಾಲು ಕಳೆದರೂ ಸುಮಾರು 4 ಟನ್ ಇಂಗಾಲದ ಡೈಆಕ್ಸೈಡ್ ಉಳಿದಂತೆ. ಇದು ಒಂದು ಹಳ್ಳದ ಮೋರಿ. ಹೆದ್ದಾರಿ, ಕಾಲುವೆ, ಮೆಟ್ರೋ ಕಂಬಗಳಿಗೆ ಇದೇ ಲೆಕ್ಕ ಹಾಕಿ ನೋಡಿ. ಎರೆಭೂಮಿಯಲ್ಲಿ ಸಲ್ಫೇಟ್ ಇರುವ ಕಡೆ ಮಣ್ಣೊಳಗಿನ ಗೋಡೆಗೆ ಸ್ಲ್ಯಾಗ್ ಕಾಂಕ್ರೀಟ್ ತಡೆಯುವ ಶಕ್ತಿಯೂ ಹೆಚ್ಚು. ನಮಗೆ ಅದೂ ಒಂದು ಕಾರಣ.

ಆದರೆ ಸ್ಲ್ಯಾಗ್ ಎಲ್ಲರಿಗೂ ಸಾಲುವಷ್ಟು ಇಲ್ಲ. ಉಕ್ಕು ಎಷ್ಟೋ ಕಿಟ್ಟ ಅಷ್ಟೇ. ಕರಾವಳಿಗೋ ಮಲೆನಾಡಿಗೋ ಇಲ್ಲಿಂದ ಲಾರಿಯಲ್ಲಿ ಹೊರುವ ಮುಂಚೆ ಹತ್ತಿರ ಏನಿದೆ ನೋಡಬೇಕು. ಸುಟ್ಟ ಜೇಡಿ ಮತ್ತು ಸುಣ್ಣದ ಕಲ್ಲಿನ ಪುಡಿ ಸೇರಿಸಿ ಮಾಡುವ ಎಲ್‌ಸಿ3 ಸಿಮೆಂಟಿಗೆ 2023ರಲ್ಲಿ ಐಎಸ್ 18189 ಬಂದಿದೆ. ಅದು ಚೀಲದಲ್ಲಿ ಸುಲಭಕ್ಕೆ ಸಿಗುವ ಹಾಗಾದರೆ ಕಾರ್ಖಾನೆ ದೂರ ಇರುವ ಜಿಲ್ಲೆಗಳಿಗೆ ದೊಡ್ಡ ಅನುಕೂಲ.

ಜಾಕಿ ಬಿಚ್ಚಿದ ಮೇಲೆ ಎರಡೂ ಬದಿಗೆ ಗರಸು ತುಂಬಿದೆವು, ಒಂದು ಕಡೆ ಒಂದು ಪದರ, ಇನ್ನೊಂದು ಕಡೆ ಒಂದು ಪದರ. ಒಂದೇ ಕಡೆ ತುಂಬಿದರೆ ಬಾಕ್ಸ್ ತಳ್ಳಿಸಿಕೊಳ್ಳುತ್ತದೆ. ಎತ್ತಿಟ್ಟಿದ್ದ ಸೈಜುಗಲ್ಲನ್ನು ನೀರು ನುಗ್ಗುವ ಮತ್ತು ಬೀಳುವ ಎರಡೂ ಬಾಯಿಗೆ ಪಿಚಿಂಗ್ ಮಾಡಿದೆವು. ಹೊಸ ಕಲ್ಲು ಒಂದು ಟ್ರ್ಯಾಕ್ಟರ್ ಕೂಡ ಬೇಕಾಗಲಿಲ್ಲ.

ಮುಂದಿನ ಕೆಲಸ ರಾಯಚೂರು ಕಡೆ. ಅಲ್ಲಿ ಶಕ್ತಿನಗರದ ಹಾರುಬೂದಿ ಹತ್ತಿರ, ಹಾಗಾಗಿ ಶೇ 30-35 ಬೂದಿಯ ಮಿಶ್ರಣಕ್ಕೆ ಟ್ರಯಲ್ ಕ್ಯೂಬ್ ಹಾಕಿಸುತ್ತಿದ್ದೇನೆ. ಈ ಸಲ ಎಸ್ಟಿಮೇಟಿನಲ್ಲೇ 14 ದಿನದ ಕ್ಯೂರಿಂಗ್ ಮತ್ತು ಹೆಚ್ಚುವರಿ ಸೆಂಟ್ರಿಂಗ್ ಬಾಡಿಗೆಯನ್ನು ಬೇರೆ ಬಾಬ್ತು ಅಂತ ಬರೆದು ಕೊಟ್ಟಿದ್ದೇನೆ. 28ರ ಜೊತೆ 56 ದಿನದ ಕ್ಯೂಬ್ ಫಲಿತಾಂಶವನ್ನೂ ದಾಖಲಿಸಬೇಕು ಅಂತ ಕೇಳಿದ್ದೇನೆ.